ಗಲ್ಲಾದ ಹಿಂದಿನ ಕುರ್ಚಿ

"ಇವಳ್ಯಾರು?" ಎಂದವಳೇ ಶುಕ್ ಯಿನ್ ಕಾಗದದ ಹುಡುಗಿಯ ಕುತ್ತಿಗೆಗೆ ಕೈ ಹಾಕಿದಳು.

"ನಿಧಾನ ಅತ್ತಿಗೆ, ಅಂಟು ಇನ್ನೂ ಒಣಗಿಲ್ಲ," ಎಂದು ಚುನ್ ಅಡ್ಡ ಬಂದ.

ಚುನ್, ಶುಕ್ ಯಿನ್ ಇದ್ದ ಬೀದಿಯ ಕೊನೆಯ ಅಂಗಡಿಯವನು. ಸತ್ತವರಿಗೆ ಬೇಕಾಗುವ ಮನೆ, ಕಾರು, ಆಳುಕಾಳು ಎಲ್ಲವನ್ನೂ ಬಿದಿರುಕಡ್ಡಿ ಮತ್ತು ಬಣ್ಣದ ಕಾಗದದಲ್ಲಿ ಮಾಡಿಕೊಡುವುದು ಅವನ ಕಸುಬು. ಇಲ್ಲಿ ಸುಟ್ಟದ್ದು ಅಲ್ಲಿ ಅವರ ಕೈ ಸೇರುತ್ತದೆ. ತೀರಿಕೊಂಡ ತನ್ನ ಗಂಡ, ಅಡುಗೆಯ ಕ್ವಾನ್ ಮೇಸ್ತ್ರಿಗೆ ಬಂಗಲೆ ಕೊಟ್ಟರೆ ಒಳಗೆ ಕೂತು ಏನು ಮಾಡಬೇಕೆಂದು ತಿಳಿಯುವುದಿಲ್ಲ, ಅಂಗಡಿಯನ್ನೇ ಮಾಡಿಕೊಡು ಎಂದು ಶುಕ್ ಯಿನ್ ಹೇಳಿದ್ದಳು. ಚುನ್ ನಿದ್ದೆಗೆಟ್ಟು ಶಾಮ್ ಶುಯಿ ಪೋ ಬಡಾವಣೆಯ ಅವರ ಸಣ್ಣ ಸುಟ್ಟಮಾಂಸದ ಅಂಗಡಿಯನ್ನು ಇದ್ದದ್ದು ಇದ್ದ ಹಾಗೇ ಇಳಿಸಿದ್ದ. ಕಿಟಕಿಯಲ್ಲಿ ಕೊಕ್ಕೆಗೆ ನೇತುಹಾಕಿದ ಸುಟ್ಟ ಹೆಬ್ಬಾತುಗಳು, ಜೇನು ಸವರಿದ ಕೆಂಪು ಹಂದಿಮಾಂಸದ ಪಟ್ಟಿಗಳು, ನಡುವೆ ತಗ್ಗು ಬಿದ್ದ ದುಂಡು ಕೊಚ್ಚುಮಣೆ, ಹಿಂದುಗಡೆ ಒಲೆ. ಹೆಬ್ಬಾತುಗಳ ಚರ್ಮಕ್ಕೆ ಅದೇನು ಹಚ್ಚಿದ್ದನೋ, ಜಿಡ್ಡು ಇಳಿಯುತ್ತಿದೆ ಎನ್ನುವಷ್ಟು ಮಿರಿಮಿರಿ ಮಿಂಚುತ್ತಿದ್ದವು. ಎಲ್ಲ ಸರಿಯಾಗಿತ್ತು. ಗಲ್ಲಾದ ಹಿಂದಿನ ಕುರ್ಚಿಯಲ್ಲಿ ಮಾತ್ರ ಗುಲಾಬಿ ಕೆನ್ನೆಯ, ಹಿಡಿ ನಡುವಿನ ಒಬ್ಬ ಚೆಲುವೆ ಕೂತಿದ್ದಳು.

"ಆಳುಗಳದ್ದು ಜೋಡಿ ಇರುತ್ತಲ್ಲ ಅತ್ತಿಗೆ, ಒಬ್ಬ ಹುಡುಗ, ಒಬ್ಬ ಹುಡುಗಿ," ಎಂದು ಚುನ್ ತಲೆ ಕೆರೆದುಕೊಂಡ. "ಹುಡುಗನ್ನ ಒಲೆ ಹತ್ರ ನಿಲ್ಸಿದೆ. ಇವಳನ್ನ ಎಲ್ಲಿ ಕೂರ್ಸೋದು? ಗಲ್ಲಾ ಖಾಲಿ ಇತ್ತು."

"ಗಲ್ಲಾ ಖಾಲಿ ಇತ್ತಾ?" ಶುಕ್ ಯಿನ್ ಅವನನ್ನು ಮೇಲಿನಿಂದ ಕೆಳಗೆ ನೋಡಿದಳು. "ಇಷ್ಟು ವರ್ಷ ಮಧ್ಯಾಹ್ನ ಊಟ ಕಟ್ಟಿಸ್ಕೊಂಡು ಹೋಗಿದ್ದೀಯಲ್ಲ, ದುಡ್ಡು ಯಾರ ಕೈಗೆ ಕೊಡ್ತಿದ್ದೆ?"

ಗೋಡೆಯ ಮೇಲಿನ ಫೋಟೊದಲ್ಲಿ ಕ್ವಾನ್ ಮೇಸ್ತ್ರಿ ಹಲ್ಲು ಕಿರಿಯುತ್ತಿದ್ದ. ಮಗಳ ಮದುವೆಯಲ್ಲಿ ತೆಗೆದದ್ದು ಅದು. ಕುಡಿದು ಮುಖ ಕೆಂಪಾಗಿತ್ತು. ಹೋದ ವಾರ ಮಧ್ಯಾಹ್ನದ ಗಿರಾಕಿಗಳನ್ನೆಲ್ಲ ಸಾಗಹಾಕಿ, ಮಡಚುವ ಕುರ್ಚಿಯಲ್ಲಿ ಕಾಲು ಚಾಚಿ ಮಲಗಿದವನು ಮತ್ತೆ ಏಳಲಿಲ್ಲ. ಎಪ್ಪತ್ತಾರು ವಯಸ್ಸು, ಒಂದು ದಿನ ಹಾಸಿಗೆ ಹಿಡಿದವನಲ್ಲ. ಇಂಥ ಸಾವು ಪುಣ್ಯವಂತರಿಗೆ ಮಾತ್ರ ಎಂದು ಬಂದವರೆಲ್ಲ ಹೇಳಿದರು. ಹಾಗಾಗಿ ಹಂಗ್ ಹೋಮ್ ಬಡಾವಣೆಯ ಶವಸಂಸ್ಕಾರದ ಹಾಲ್‌ನಲ್ಲಿ ಅಳುವಿಗಿಂತ ಮಾತೇ ಜಾಸ್ತಿಯಿತ್ತು.

ಮಗಳು ವಿಂಗ್ ಹಾ ಉಟ್ಟಿದ್ದ ಸೂತಕದ ಬಿಳಿ ಸೆಣಬಿನ ಬಟ್ಟೆ ಎತ್ತಿ ಹಿಡಿದು ಓಡಿಬಂದಳು. ಮಿನಿಬಸ್ಸು ಓಡಿಸುವವಳು, ಯಾವ ಜಗಳವಾದರೂ ಮುಂದಿನ ಸ್ಟಾಪಿನೊಳಗೆ ಮುಗಿಯಬೇಕು ಅವಳಿಗೆ. "ಅಷ್ಟೇ ತಾನೆ? ಹುಡುಗಿನ ತೆಗೆದು ಕೆಳಗಿಡೋಣ. ಕುರ್ಚಿ ಖಾಲಿ ಇರ್ಲಿ."

"ಖಾಲಿ ಬಿಟ್ಟೀಯ, ಹುಷಾರ್." ನಾದಿನಿ ಮುಯ್ ಬಾಯಲ್ಲಿದ್ದ ಮಿಠಾಯಿಯನ್ನು ದವಡೆಗೆ ಒತ್ತರಿಸಿ ಎದ್ದು ಬಂದಳು. ಮೇಸ್ತ್ರಿಯ ತಂಗಿ. ಶಾಸ್ತ್ರದ ವಿಷಯದಲ್ಲಿ ಪುರೋಹಿತನಿಗೇ ಬುದ್ಧಿ ಹೇಳುವವಳು. "ಗಂಡನಿಗೆ ಅಂಗಡಿ ಕಳಿಸಿ ಹೆಂಡತಿ ಕುರ್ಚಿ ಖಾಲಿ ಇಟ್ರೆ ಏನರ್ಥ? ನಿಮಗೆ ಅಲ್ಲಿ ಜಾಗ ಹಿಡಿದಿಟ್ಟ ಹಾಗಾಯ್ತು ಅತ್ತಿಗೆ. ಅಣ್ಣ ಮೊದಲೇ ಒಂದು ಕ್ಷಣ ಕಾಯೋನಲ್ಲ. ನಾಳೆನೇ ಕರೆಸ್ಕೊಳ್ತಾನೆ."

"ಹಾಗಾದ್ರೆ ಅಮ್ಮನ ಥರ ಒಂದು ಬೊಂಬೆ ಮಾಡಿ ಕೂರ್ಸಿದ್ರೆ?"

"ಬಿಡ್ತು ಅನ್ನೇ. ಬದುಕಿರೋರ ಬೊಂಬೆ ಸುಡ್ತಾರಾ ಯಾರಾದ್ರೂ?"

"ಹುಡುಗನ್ನ ಕೂರ್ಸೋಣ," ಎಂದ ಚುನ್.

"ಚಿಲ್ಲರೆ ಕೊಡೋಕೆ ಬರುತ್ತಾ ಅವನಿಗೆ?" ಎಂದಳು ಶುಕ್ ಯಿನ್. "ಒಂದು ಮಾತು ಹೇಳ್ತೀನಿ. ಇವಳು ಆ ಕುರ್ಚೀಲಿ ಕೂತಿರೋವರೆಗೂ ಅಂಗಡಿ ಬೆಂಕಿಗೆ ಹೋಗಲ್ಲ."

"ಅಮ್ಮ, ಈ ವಯಸ್ಸಲ್ಲಿ, ಕಾಗದದ ಹುಡುಗಿ ಮೇಲೆ ಹೊಟ್ಟೆಕಿಚ್ಚಾ?"

ಶುಕ್ ಯಿನ್ ನಗಲಿಲ್ಲ. "ಒಡವೆ ವಸ್ತ್ರ ಏನನ್ನೂ ತಂದುಕೊಟ್ಟವರಲ್ಲ ನಿಮ್ಮಪ್ಪ" ಎಂದು ದೂರುವ ಸ್ವಭಾವ ಅವಳದಲ್ಲ. ಅವಳು ಹೇಳಿದ್ದು ಇಷ್ಟೇ: "ಆ ಕುರ್ಚಿ ಒಂದೇ ಕಣೇ ಅವರು ನನಗೆ ಕೊಟ್ಟಿದ್ದು. ಅದನ್ನೂ ಬಿಟ್ಟುಕೊಡು ಅಂತೀಯಾ?"

*

ಆಗ ಶುಕ್ ಯಿನ್‌ಗೆ ಇಪ್ಪತ್ತೆರಡು. ಪ್ಲಾಸ್ಟಿಕ್ ಹೂವಿನ ಕಾರ್ಖಾನೆಯಲ್ಲಿ ಎಸಳು ಜೋಡಿಸುವ ಕೆಲಸ. ಸಂಜೆ ಮನೆಗೆ ಹೋಗುವಾಗ ಆ ಅಂಗಡಿಯ ಮುಂದೆ ಸರದಿಯಲ್ಲಿ ನಿಲ್ಲುತ್ತಿದ್ದಳು. ಅಂಗಡಿ ಕ್ವಾನನ ಸೋದರಮಾವನದು. ಮಾವ ಗಲ್ಲಾ ನೋಡಿಕೊಳ್ಳುತ್ತಿದ್ದ, ಕ್ವಾನ್ ಕೊಚ್ಚುತ್ತಿದ್ದ. ಅವತ್ತು ಕುದುರೆ ರೇಸು. ಮಾವ ಹೇಳದೆ ಕೇಳದೆ ಮಾಯವಾಗಿದ್ದ. ಸರದಿ ತಿರುವಿನವರೆಗೂ ಬೆಳೆದಿತ್ತು. ಕ್ವಾನ್ ಒಂದು ಪೊಟ್ಟಣ ಕಟ್ಟಿ, ಕೈಯ ಜಿಡ್ಡು ಒರೆಸಿ, ದುಡ್ಡು ಎಣಿಸಿ, ತಪ್ಪು ಎಣಿಸಿ, ಬೈಸಿಕೊಂಡು ಮತ್ತೆ ಮಚ್ಚು ಹಿಡಿಯುತ್ತಿದ್ದ.

ಶುಕ್ ಯಿನ್ ಸರದಿ ಬಂದಾಗ ಅವನ ಮುಖದಿಂದ ಬೆವರು ಇಳಿಯುತ್ತಿತ್ತು.

"ನಿಮ್ಮ ಕೈ ಚೊಕ್ಕಟ ಇದೆ," ಎಂದ.

"ಅದಕ್ಕೇನೀಗ?"

"ಒಂದು ಗಳಿಗೆ ಆ ಕುರ್ಚೀಲಿ ಕೂತ್ಕೊಳ್ತೀರಾ? ಮಾವ ಇನ್ನೇನು ಬಂದ್ಬಿಡ್ತಾರೆ."

ಅವಳು ಕೂತಳು. ಮಾವ ಬಂದಾಗ ಅಂಗಡಿಯಲ್ಲಿ ಕೊಕ್ಕೆಗಳು ಮಾತ್ರ ಉಳಿದಿದ್ದವು, ಗಲ್ಲಾದಲ್ಲಿ ಒಂದು ಕಾಸೂ ಹೆಚ್ಚುಕಮ್ಮಿ ಇರಲಿಲ್ಲ. ಕ್ವಾನ್ ಅನ್ನದ ಮೇಲೆ ಹೆಬ್ಬಾತಿನ ಒಂದು ಇಡೀ ಕಾಲು ಇಟ್ಟು, ತಗ್ಗಿದ ದನಿಯಲ್ಲಿ ಹೇಳಿದ: "ಎಡಗಾಲು. ಹೆಬ್ಬಾತು ಬಲಗಾಲ ಮೇಲೆ ನಿಂತು ನಿದ್ದೆ ಮಾಡುತ್ತೆ, ಎಡಗಾಲಿಗೆ ವಿಶ್ರಾಂತಿ. ಅದಕ್ಕೇ ಮೆತ್ತಗಿರುತ್ತೆ. ನಿಮಗೆ ಅಂತ ಎತ್ತಿಟ್ಟಿದ್ದೆ."

ಮರುದಿನ ಸಂಜೆ ಅವಳು ಸರದಿಯಲ್ಲಿ ನಿಲ್ಲದೆ ನೇರ ಹೋಗಿ ಕುರ್ಚಿಯಲ್ಲಿ ಕೂತಳು. ಯಾರೂ ಏಳು ಅನ್ನಲಿಲ್ಲ.

*

ಹಾಲ್‌ನ ಹಿಂದಿನ ಸಾಲಿನಲ್ಲಿ ಇನ್ನೊಂದು ಗಲಾಟೆ ಎದ್ದಿತ್ತು. ಸಾವಿಗೆ ಬಂದವರಿಗೆಂದು ಬಿಳಿ ಲಕೋಟೆಯಲ್ಲಿ ಕೊಟ್ಟ ಮಿಠಾಯಿ ಚೀಪುತ್ತ, ಸತ್ತವನಿಗೆ ದುಡ್ಡಾಗಲೆಂದು ಸುಡುವ ಬೆಳ್ಳಿ ಕಾಗದ ಮಡಚುತ್ತ ಕೂತವರ ನಡುವೆ ಮೀನಂಗಡಿಯ ಹೋ ಎದೆ ತಟ್ಟಿಕೊಂಡು ಹೇಳುತ್ತಿದ್ದ: "ಮೇಸ್ತ್ರಿ ನನ್ನ ಕಂಡ್ರೆ ಪ್ರಾಣ ಬಿಡ್ತಿದ್ದ. ಎಡಗಾಲು ನನಗಲ್ಲದೆ ಇನ್ನೊಬ್ಬರಿಗೆ ಕೊಟ್ಟವನಲ್ಲ."

"ಏನಂದ್ರಿ?" ಎಂದರು ನಿವೃತ್ತ ಟೀಚರಮ್ಮ ಫಾಂಗ್, ಕಾಗದ ಮಡಚುವುದನ್ನು ನಿಲ್ಲಿಸಿ. "ಎಡಗಾಲು ನನಗೆ ಎತ್ತಿಡ್ತಿದ್ರು. ಶನಿವಾರ ಶನಿವಾರ."

"ನಾನು ಹೋಗ್ತಿದ್ದಿದ್ದೂ ಶನಿವಾರನೇ."

"ಶನಿವಾರದ್ದು ನನಗೆ," ಎಂದು ಚುನ್ ಅಲ್ಲಿಂದಲೇ ಕೂಗಿದ.

ಮಾ ಜಾಂಗ್ ಬಿಲ್ಲೆಯಾಟದ ಗುಂಪಿನ, ಮೂಕ್ ಎಂಬ ಹೆಸರಿನ ಅಜ್ಜ ಕಿವಿಗೆ ಕೈ ಇಟ್ಟು ಎಲ್ಲ ಕೇಳಿಸಿಕೊಂಡು, "ನೀವೆಲ್ಲ ಬಲಗಾಲು ತಿಂದ್ಕೊಂಡು ಬಂದಿದ್ದೀರ. ಪಾಪ," ಎಂದ. ಅಲ್ಲಿಗೆ ಜಗಳ ಹತ್ತಿಕೊಂಡಿತು. ಮೂಕ್ ಅಜ್ಜನ ಹಲ್ಲಿಲ್ಲದ ಬಾಯಿಗೆ ಎಡಗಾಲು ಯಾಕೆ ಎಂದ ಹೋ. ಟೀಚರಮ್ಮ ಹೋನ ಮೇಲೆ ಮೀನಿನ ವಾಸನೆ ಎಂದರು. ಡೋಲು ಬಡಿಯುತ್ತಿದ್ದ ಪುರೋಹಿತನೂ ತಾಳ ತಪ್ಪಿ ಒಮ್ಮೆ ತಿರುಗಿ ನೋಡಿದ. ಒಂದು ಹೆಬ್ಬಾತಿಗೆ ಎಷ್ಟು ಎಡಗಾಲು ಇರಬಹುದೆಂದು ಅವನೂ ಲೆಕ್ಕ ಹಾಕುತ್ತಿದ್ದಿರಬೇಕು.

"ಅತ್ತಿಗೇನೇ ಕೇಳೋಣ," ಎಂದ ಹೋ. "ಗಲ್ಲಾದಿಂದ ಎಲ್ಲ ನೋಡ್ತಿದ್ರಲ್ಲ. ಹೇಳಿ ಅತ್ತಿಗೆ, ಎಡಗಾಲು ಯಾರಿಗೆ ಹೋಗ್ತಿತ್ತು?"

ಎಲ್ಲರೂ ಅವಳ ಕಡೆ ತಿರುಗಿದರು. ಶುಕ್ ಯಿನ್ ಗಂಡನ ಫೋಟೊ ನೋಡಿದಳು.

*

ಮದುವೆಯಾದ ಹೊಸತರಲ್ಲಿ, ಅಂಗಡಿ ಬಾಗಿಲು ಎಳೆದ ಮೇಲೆ, ಮಾರದೆ ಉಳಿದ ಹೆಬ್ಬಾತಿನ ಕತ್ತನ್ನು ಇಬ್ಬರೂ ಚೀಪುತ್ತಿದ್ದಾಗ ಅವಳು ಕೇಳಿದ್ದಳು. "ರೀ, ಎಡಗಾಲು ನಿಜವಾಗ್ಲೂ ಮೆತ್ತಗಿರುತ್ತಾ?"

ಕ್ವಾನ್ ಮುಚ್ಚಿದ ಬಾಗಿಲ ಕಡೆ ಒಮ್ಮೆ ನೋಡಿದ. "ಎರಡೂ ಒಂದೇ. ಮಣೆ ಮೇಲೆ ಬಿದ್ದ ಮೇಲೆ ಯಾವುದು ಎಡ, ಯಾವುದು ಬಲ, ನನಗೇ ಗೊತ್ತಾಗಲ್ಲ."

"ಮತ್ತೆ ಎಲ್ಲರಿಗೂ ಎಡಗಾಲು ಎಡಗಾಲು ಅಂತ ಕೊಡ್ತೀರಲ್ಲ?"

"ಬೆಳಗಿಂದ ದುಡಿದು ಬಂದಿರ್ತಾರೆ. ಮನೇಲಿ ಹೆಂಡತಿ ಬೈತಾಳೆ, ಕೆಲಸದಲ್ಲಿ ಯಜಮಾನ ಬೈತಾನೆ. ನಿನಗೋಸ್ಕರ ಎತ್ತಿಟ್ಟಿದ್ದೀನಿ ಅಂದ್ರೆ ಅವತ್ತಿನ ಅನ್ನ ಸ್ವಲ್ಪ ರುಚಿ ಹತ್ತುತ್ತೆ. ಅಷ್ಟೇ."

ಶುಕ್ ಯಿನ್ ಮೂಳೆ ಕೆಳಗಿಟ್ಟಳು. "ಹಾಗಾದ್ರೆ ಅವತ್ತು ನನಗೂ ಸುಳ್ಳು ಹೇಳಿದ್ರಿ."

"ಹೇಳಿದೆ," ಎಂದ ಕ್ವಾನ್. ಸ್ವಲ್ಪ ಹೊತ್ತು ಮಣೆ ಕೆರೆದ. "ಆಮೇಲೆ ಹೇಳಿಲ್ಲ."

ಆ ರಾತ್ರಿಯಿಂದ ಅವಳ ಪಾಲಿಗೆ ಬಂದದ್ದು ಕತ್ತು, ರೆಕ್ಕೆಯ ತುದಿ, ಮಾರಾಟವಾಗದೆ ಉಳಿದದ್ದು. ಒಂದು ದಿನವೂ ಅವನು ಅದಕ್ಕೆ ಚಂದದ ಹೆಸರು ಕೊಡಲಿಲ್ಲ. "ಉಳಿದಿದ್ದು ಇದೇ, ತಿನ್ನು" ಎನ್ನುತ್ತಿದ್ದ. ಅದು ಅವಳಿಗೆ ಖುಷಿ ಕೊಡುತ್ತಿತ್ತು ಎಂದರೆ ಯಾರು ನಂಬುತ್ತಾರೆ?

ಅವಳು ತರಕಾರಿಗೋ ಇನ್ನೊಂದಕ್ಕೋ ಎದ್ದು ಹೋದರೆ ಅವನ ಕೈ ನಿಂತುಬಿಡುತ್ತಿತ್ತು. ಮಚ್ಚು ಮೇಲೆತ್ತಿದವನು ಹಾಗೇ ಕುರ್ಚಿ ನೋಡುತ್ತ ನಿಲ್ಲುತ್ತಿದ್ದ, ಗಿರಾಕಿಗಳು ಕೂಗಾಡುತ್ತಿದ್ದರು. ಕೊನೆಗೆ ಅವಳು ಅನ್ನದ ಪೊಟ್ಟಣದ ರಟ್ಟಿನ ಮುಚ್ಚಳದ ಮೇಲೆ "ಈಗ ಬಂದೆ" ಎಂದು ಬರೆದು, ಏಳುವಾಗಲೆಲ್ಲ ಕುರ್ಚಿಯ ಮೇಲೆ ನಿಲ್ಲಿಸಿ ಹೋಗತೊಡಗಿದಳು. ಅದನ್ನು ನೋಡಿದರೆ ಸಾಕು, ಮಚ್ಚು ಮತ್ತೆ ಟಕಟಕ ಶುರುವಾಗುತ್ತಿತ್ತು.

*

"ಹೇಳಿ ಅತ್ತಿಗೆ," ಎಂದ ಹೋ.

ಆ ಗುಟ್ಟು ಇಬ್ಬರಲ್ಲಿತ್ತು, ಈಗ ಅವಳೊಬ್ಬಳಲ್ಲಿ. ಹೋನ ಕಣ್ಣಲ್ಲಿ ನೀರಿತ್ತು. ಮೂಕ್ ಅಜ್ಜ ಕೈಯನ್ನು ಕಿವಿಯಿಂದ ತೆಗೆದಿರಲಿಲ್ಲ. ಟೀಚರಮ್ಮ ಕೇಳದವರಂತೆ ಕಾಗದ ಮಡಚುತ್ತ, ಪೂರ್ತಿ ಕೇಳಿಸಿಕೊಳ್ಳುತ್ತಿದ್ದರು.

"ಬೆಳಗ್ಗೆ ಬೇಕಾಗಿದ್ದಕ್ಕಿಂತ ಜಾಸ್ತಿ ಹೆಬ್ಬಾತು ಸುಡ್ತಿದ್ರು," ಎಂದಳು ಶುಕ್ ಯಿನ್. "ಯಾಕ್ರೀ ಇಷ್ಟೊಂದು ಅಂದ್ರೆ, ಎಡಗಾಲಿನವರು ಬರ್ತಾರೆ ಅನ್ನೋರು. ನಿಮ್ಮೆಲ್ಲರ ಹೆಸರೂ ಹೇಳೋರು. ಬಲಗಾಲು ಏನಾಗ್ತಿತ್ತು ಅಂತ ಮಾತ್ರ ಕೇಳಬೇಡಿ."

"ಏನಾಗ್ತಿತ್ತು?"

"ಪಕ್ಕದ ಬೀದಿಯವರಿಗೆ."

ಇಡೀ ಹಾಲ್ ನಗೆಯಿಂದ ತುಂಬಿಹೋಯಿತು. ಹೋ ನಗುತ್ತ ನಗುತ್ತ ಅಳತೊಡಗಿದ. "ಪಕ್ಕದ ಬೀದಿಯವರಿಗೆ," ಎಂದು ಮೂಕ್ ಅಜ್ಜನ ಕಿವಿಯಲ್ಲಿ ಮತ್ತೊಮ್ಮೆ ಹೇಳಿದ. ಅಜ್ಜ ತೊಡೆ ತಟ್ಟಿಕೊಂಡ. ಶುಕ್ ಯಿನ್ ಫೋಟೊದ ಕಡೆ ನೋಡಿದಳು. ಸುಳ್ಳು ಇಷ್ಟು ಸಲೀಸಾಗಿ ಬಾಯಿಗೆ ಬಂದದ್ದು ಅವಳಿಗೇ ಆಶ್ಚರ್ಯ. ಜೊತೆಗೇ, ಮುಂದೇನು ಮಾಡಬೇಕೆಂಬುದೂ ಹೊಳೆಯಿತು.

"ಚುನ್, ಕುಂಚ ಇದೆಯಾ?" ಎಂದಳು.

"ಇದೆ ಅತ್ತಿಗೆ."

ಮಗಳು ತಂದಿಟ್ಟ ಊಟದ ಪೊಟ್ಟಣದ ಮುಚ್ಚಳ ಕಿತ್ತು, ಅದನ್ನು ಅಂಗೈಯಗಲಕ್ಕೆ ಕತ್ತರಿಸಿ, ಗೋಡೆಗೆ ತಿರುಗಿ ಕೂತು ಬರೆದಳು. ನಾದಿನಿ ಮುಯ್‌ಗೆ ತಡೆಯಲಿಲ್ಲ. ಹೆಗಲ ಮೇಲಿಂದ ಇಣುಕಿದಳು.

"ಆ ಹಳೇ ರಟ್ಟಿನಲ್ಲಿ ಇದ್ದ ಹಾಗೆ ಬರೀತಿದ್ದೀರಾ? ಈಗ ಬಂದೆ ಅಂತ? ಬೇಡ ಅತ್ತಿಗೆ, ಕಾಲಿಗೆ ಬೀಳ್ತೀನಿ. ಅವನು ನಿಜ ಅಂದ್ಕೊಳ್ತಾನೆ."

"ಓದು ನೋಡು."

ಮುಯ್ ಕನ್ನಡಕ ಏರಿಸಿ ಜೋರಾಗಿ ಓದಿದಳು. "ಬರೋದು ತಡ ಆಗುತ್ತೆ. ಕುರ್ಚಿ ನೋಡ್ತಾ ನಿಲ್ಲಬೇಡಿ, ಕೊಚ್ಚೋದು ನೋಡಿ."

ಮುಯ್ ಪುರೋಹಿತನ ಮುಖ ನೋಡಿದಳು. ಅವನು ಡೋಲಿನ ಕೋಲನ್ನು ಕಂಕುಳಲ್ಲಿಟ್ಟು ರಟ್ಟನ್ನು ತಾನೂ ಓದಿ, "ತಡ ಅಂತ ಸ್ಪಷ್ಟವಾಗಿ ಬರೆದಿದ್ದಾರೆ. ಶಾಸ್ತ್ರದಲ್ಲಿ ಇದಕ್ಕೆ ಅಡ್ಡಿ ಇಲ್ಲ," ಎಂದ. ಶಾಸ್ತ್ರದಲ್ಲಿ ಇದರ ಸುದ್ದಿಯೇ ಇಲ್ಲವೆಂಬುದು ಅವನಿಗೂ ಗೊತ್ತಿತ್ತು, ಮುಯ್‌ಗೂ ಗೊತ್ತಿತ್ತು. ಅವಳು ಮೂಗು ಮುರಿದು ಸುಮ್ಮನಾದಳು.

"ಹುಡುಗಿನ ಏನ್ಮಾಡೋದು?" ಎಂದು ಚುನ್ ಕೇಳಿದ. ಅಷ್ಟು ಚಂದದ ಮುಖ ಬರೆದಿದ್ದ, ಪಾಪ.

ಶುಕ್ ಯಿನ್ ತಾನೇ ಆ ಚೆಲುವೆಯ ಸೊಂಟ ಹಿಡಿದೆತ್ತಿ, ಅಂಗಡಿಯ ಹಿಂಬದಿಗೆ ಒಯ್ದು, ನಲ್ಲಿಯ ಹತ್ತಿರ ಗೋಡೆಗೆ ಮುಖ ಮಾಡಿ ನಿಲ್ಲಿಸಿದಳು. "ತಟ್ಟೆ ತೊಳೆಯೋಕೆ ಒಬ್ಬರೂ ಸಿಗಲ್ಲ ಅಂತ ಅವರು ಗೊಣಗ್ತಿದ್ರು. ಸಿಕ್ಕಿದಳು ಅಂತ ಹೇಳಿ," ಎಂದು ಪುರೋಹಿತನಿಗೆ ತಿಳಿಸಿ, ರಟ್ಟನ್ನು ಖಾಲಿ ಕುರ್ಚಿಯ ಮೇಲೆ ನಿಲ್ಲಿಸಿದಳು.

ಮಧ್ಯಾಹ್ನ ಇಳಿಯುವ ಹೊತ್ತಿಗೆ ಅಂಗಡಿಯನ್ನು ಹಿತ್ತಲಿನಲ್ಲಿ ಕಾಗದ ಸುಡುವ ಒಲೆಗೆ ಹೊತ್ತೊಯ್ದರು. ಒಲೆಯ ಬಾಯಿ ಕಿರಿದು. ಎಲ್ಲರಿಗೂ ಒಟ್ಟಿಗೆ ನಿಲ್ಲಲು ಜಾಗವಿರಲಿಲ್ಲ. ಹೋ, ಟೀಚರಮ್ಮ, ಮೂಕ್ ಅಜ್ಜ, ಚುನ್ ಒಬ್ಬರ ಹಿಂದೆ ಒಬ್ಬರು ಬಂದು, ಯಾರೂ ಹೇಳದೆಯೇ, ದಿನಾ ನಿಲ್ಲುತ್ತಿದ್ದ ಹಾಗೆ ಸರದಿಯಲ್ಲಿ ನಿಂತರು. ತಳ್ಳಬೇಡಿ ಎಂದು ಟೀಚರಮ್ಮ ಹೋನನ್ನು ಗದರಿದರು.

ಬೆಂಕಿ ಮೊದಲು ಕಿಟಕಿಗೆ ಹತ್ತಿತು. ಹೆಬ್ಬಾತುಗಳ ಮೈಮೇಲಿನ ಹೊಳಪು ಚಿಟಪಟ ಎನ್ನುತ್ತ ತೊಟ್ಟಿಕ್ಕಿತು. "ಹದವಾಗಿ ಬೆಂದಿದೆ," ಎಂದು ಮೂಕ್ ಅಜ್ಜ ಹೇಳಿದ. ವಿಂಗ್ ಹಾ ಅಮ್ಮನ ತೋಳು ಹಿಡಿದುಕೊಂಡಳು. ಶುಕ್ ಯಿನ್‌ಗೆ ಅಳು ಬಂತು, ಅಳುತ್ತಲೇ ಕುರ್ಚಿಯ ಮೇಲೆ ಕಣ್ಣಿಟ್ಟು ನಿಂತಳು.

ಮಣೆ ಹೋಯಿತು, ಗಲ್ಲಾ ಹೋಯಿತು. ಕುರ್ಚಿಯ ಬಿದಿರುಕಡ್ಡಿಗಳು ಕೆಂಪಾಗಿ ಇನ್ನೂ ನಿಂತೇ ಇದ್ದವು. ಅದರ ಮೇಲೆ ಆ ರಟ್ಟಿನ ಚೂರು, ಅಂಚು ಕರಕಾಗುತ್ತ, ಅಕ್ಷರ ಮಾತ್ರ ಓದುವಂತೆಯೇ ಉಳಿದು, ಮಣೆ ಇದ್ದಲ್ಲಿ ಯಾರೋ ನಿಂತಿದ್ದಾರೆ ಎಂಬಂತೆ ಅತ್ತ ಮುಖ ಮಾಡಿ ನೆಟ್ಟಗೆ ನಿಂತಿತ್ತು.