ನಮ್ಮ ಕಡ್ಯಾಂವ

ಹಲಗೆಯ ಮೇಲೆ ಕೆಂಪು ಅಕ್ಷರಗಳು ಇರುವೆಯ ಸಾಲಿನಂತೆ ಹರಿಯುತ್ತಿವೆ, ಒಂದನ್ನು ಹಿಡಿಯುವುದರೊಳಗೆ ಇನ್ನೊಂದು ಓಡಿಹೋಗುತ್ತದೆ, ಎರಡನೇ ಇಯತ್ತೆಗೆ ಸಾಲಿ ಬಿಟ್ಟ ಸಿದರಾಯನ ಕಣ್ಣಿಗೆ ಅಷ್ಟು ಓಟವಿಲ್ಲ — ಮೊದಲಾದರೆ ಜವಾನ ಬಾಗಿಲಲ್ಲಿ ನಿಂತು ಮೂರು ಸಲ ಹೆಸರು ಕೂಗುತ್ತಿದ್ದ, ತೂಕಡಿಸುತ್ತಿದ್ದವನೂ ಧಡಕ್ಕನೆ ಏಳಬೇಕು, ಈಗ ಬೆಳಗಾವಿ ಕೋರ್ಟಿನ ಈ ಉದ್ದ ಪಡಸಾಲೆಯಲ್ಲಿ ಯಾರೂ ಯಾರನ್ನೂ ಕೂಗುವುದಿಲ್ಲ, ನಂಬರು ತಾನೇ ಹರಿದು ಬರುತ್ತದೆ, ನಿಮ್ಮದು ಹದಿನೇಳು ಅಜ್ಜಾರ, ಎಲ್ಲೂ ಎದ್ದು ಹೋಗಬ್ಯಾಡ್ರಿ ಎಂದು ಹೇಳಿ ವಕೀಲೆ ಪೂರ್ಣಿಮಾ ಒಳಗೆ ಹೋಗಿದ್ದಾಳೆ, ಅವಳ ಕಾರಕೂನ ಗೋಡೆಗೆ ಒರಗಿ ಮೊಬೈಲು ತಿಕ್ಕುತ್ತ ನಗುತ್ತಾನೆ, ಇನ್ನ ಐದು ವರ್ಷ ತಡೀರಿ ಅಜ್ಜಾ, ವಾದಾ ಮಾಡೂದೂ ಮಶೀನ, ತೀರ್ಪು ಕೊಡೂದೂ ಮಶೀನ, ನಾವೆಲ್ಲಾ ಗೇಟಿನಾಗ ಚುರಮರಿ ಮಾರೂಣು, ಹಂಗಾದ್ರ ಜೇಲಿಗಿ ಹೋಗಾಂವ ಯಾರೋ ತಮ್ಮಾ ಎಂದು ಕೇಳಬೇಕೆನಿಸಿತು ಸಿದರಾಯನಿಗೆ, ಕೇಳಲಿಲ್ಲ, ಬಾಜೂಕ ಕಾಶವ್ವ ಕುಳಿತಿದ್ದಾಳೆ, ಜೇಲಿನಲ್ಲಿರುವ ಸುಜಯನ ತಾಯಿ. ಖಾನಾಪುರದಿಂದ ಬಸ್ಸಿನಲ್ಲಿ ಒಂದೇ ಸೀಟಿನಲ್ಲಿ ಬಂದರು, ಉದ್ಯಮಬಾಗ ಬಂದಾಗ ಅವಳು ಕಿಟಕಿಗೆ ಹಣೆ ಹಚ್ಚಿ, ಅಣ್ಣಾ, ಅಕಾ ನೋಡು, ಆ ಫ್ಯಾಕ್ಟರಿ ಗೇಟಿನಾಗ ನನ್ನ ಮಗಾ ಕೆಲಸಕ್ಕ ಹೋಗ್ತಿದ್ದ ಎಂದಳು, ಆಮೇಲೆ ಗಂಟು ಬಿಚ್ಚಿ ಅರ್ಧ ರೊಟ್ಟಿ ಮುರಿದು ಅವನ ಕೈಗಿಟ್ಟಳು, ಆ ರೊಟ್ಟಿಯನ್ನು ತಿನ್ನದೆ ಕಿಸೆಗಿಟ್ಟುಕೊಂಡಿದ್ದಾನೆ, ನಿನ್ನ ಮಾತು ಮಶೀನಿಗಿ ತಿಳಿದಿಲ್ಲಣ್ಣಾ, ಸಾಹೇಬರಿಗಿ ತಿಳಿಸು, ಅಷ್ಟ ಸಾಕು — ಎಷ್ಟು ಸಲೀಸಾಗಿ ಅಂದುಬಿಟ್ಟಳು, ಅಷ್ಟ ಸಾಕು ಅಂತ.

ಒಂದು ಮಾತು, ಒಂದೇ ಮಾತು, ಹುಟ್ಟಿದಾಗಿನಿಂದ ಆಡುತ್ತ ಬಂದದ್ದು, ಖಾನಾಪುರದ ಆ ಸಣ್ಣ ಖೋಲಿಯಲ್ಲಿ ಪರದೆಯ ಮುಂದೆ ಅವನನ್ನು ಕೂಡ್ರಿಸಿದ್ದರು, ಆಡಿದ್ದನ್ನೆಲ್ಲ ಮಶೀನೇ ಬರೆದುಕೊಳ್ಳುತ್ತಿತ್ತು, ಪರದೆಯಲ್ಲಿ ಬೆಳಗಾವಿಯ ಜಡ್ಜ ಸಾಹೇಬರು ಹೆಬ್ಬೆಟ್ಟಿನಷ್ಟೇ ಇದ್ದರು, ಸೋಮಲಿಂಗ ಕೊಡ್ಲಿ ಏಟಿಗೆ ಸತ್ತು ಬಿದ್ದಾಗ ಅಲ್ಲಿ ಯಾರ್ಯಾರಿದ್ದರು ಎಂದು ಸರಕಾರಿ ವಕೀಲರು ಕೇಳಿದರು, ಸುಜಯ ಇದ್ದ ರೀ, ಅಂವಾ ನಮ್ಮ ಕಡ್ಯಾಂವ ಎಂದ ಸಿದರಾಯ, ನಮ್ಮ ಕಡೆಯ ಹುಡುಗ ಅಂತ, ನಮ್ಮ ಓಣಿಯವ ಅಂತ, ಇನ್ನೇನು ಅಂತಾರ ಹಂಗಂದ್ರ, ಅಷ್ಟರಲ್ಲಿ ನೆಟ್ಟು ಹೋಯಿತು, ಸಾಹೇಬರು ಬಾಯಿ ತೆರೆದವರು ತೆರೆದಂತೆಯೇ ನಿಂತರು, ನೆಟ್ಟು ಬಂದಾಗ ಹೊತ್ತಾಗಿತ್ತು, ಯಾರೂ ಮುಂದೆ ಕೇಳಲಿಲ್ಲ, ಇಲ್ಲಿ ಹೆಬ್ಬೆಟ್ಟು ಒತ್ರಿ ಎಂದು ಒಬ್ಬ ಗಾಜಿನ ಪಾಟಿಯಂಥದ್ದನ್ನು ಹಿಡಿದ, ಓದಿ ಹೇಳ್ರಿ ಎಂದು ಸಿದರಾಯ ಕೇಳಬೇಕಿತ್ತು, ಕೇಳುವುದು ಗೊತ್ತಿತ್ತು ಅವನಿಗೆ, ನಲವತ್ತು ವರ್ಷದ ಹಿಂದೆ ಕುರಿದೊಡ್ಡಿಯ ಕಳ್ಳತನದ ಸಾಕ್ಷಿಗೆ ಹೋದಾಗ ಕೋರ್ಟಿನ ಕಾರಕೂನ ಅವನ ಮಾತನ್ನೆಲ್ಲ ಅವನಿಗೇ ಓದಿ ಹೇಳಿದ್ದ, ಆಡು ಎಂದು ಬರೆದಿದ್ದ, ಆಡಲ್ಲರೀ ಸಾಹೇಬ್ರ, ಹೋತ ಎಂದಿದ್ದ ಸಿದರಾಯ, ಇಡೀ ಕೋರ್ಟು ನಕ್ಕಿತು, ಸಾಹೇಬರೂ ನಕ್ಕರು, ನಗುತ್ತಲೇ ಆಡು ಅನ್ನುವುದನ್ನು ಹೊಡೆದುಹಾಕಿ ಹೋತ ಎಂದು ಬರೆಸಿದರು — ಒಂದು ಹೋತಕ್ಕೆ ಅಷ್ಟು ಮಾಡಿದ್ದರು, ಈಗ ಯಾರಿಗೂ ಬಿಡುವಿಲ್ಲ, ಅವನಿಗೂ ಆ ಪರದೆಯ ಮುಂದೆ ಬಿಡುವು ಬೇಕಿರಲಿಲ್ಲ, ಮುಂದಿನ ಪ್ರಶ್ನೆ ಬರುವುದರೊಳಗೆ ಎದ್ದು ಹೋದರೆ ಸಾಕಿತ್ತು, ಒತ್ತಿದ. ಹದಿನೈದು ದಿನಕ್ಕೆ ಸುಜಯನ ವಕೀಲೆ ಪೂರ್ಣಿಮಾ ಜೀಪು ಮಾಡಿಕೊಂಡು ಮನೆಗೇ ಬಂದಳು, ಮಶೀನು ಕಡ್ಯಾಂವ ಅನ್ನೂದನ್ನ ಕಡಿದವ ಅಂತ ತಿಳಕೊಂಡೈತಿ ಅಜ್ಜಾರ, ಮ್ಯಾಲೆ ತಾನ ಶಾಣ್ಯಾತನ ಮಾಡಿ ವಾಕ್ಯಾ ಚಂದ ಮಾಡೈತಿ ಎಂದು ಓದಿದಳು — ಸುಜಯನು ನಮ್ಮವನನ್ನು ಕಡಿದವನು.

ಚಂದವೇ ಇತ್ತು ವಾಕ್ಯ, ಬಾಗಿಲಲ್ಲಿ ನಿಂತಿದ್ದ ಹೆಂಡತಿ ಮಾಯವ್ವನ ಮುಖ ಒಮ್ಮೆಲೇ ಹಗುರಾದದ್ದನ್ನು ಸಿದರಾಯ ನೋಡಿದ, ನೋಡಬಾರದಿತ್ತು, ಜೀಪು ಹೋದ ಮೇಲೆ ಅಂದಳು, ತಮ್ಮಣ್ಣನ ಅಪ್ಪಾ, ಮಶೀನ ಬರದದ್ದು ಮಶೀನಿನ ಪಾಪ, ನಿಮ್ಮ ಬಾಯಿಂದಂತೂ ಬಂದಿಲ್ಲಲಾ, ಸುಮ್ಮ ಇದ್ದುಬಿಡ್ರಿ — ಹಿತ್ತಲಲ್ಲಿ ತಮ್ಮಣ್ಣ ಮರಿಗೆ ಬಾಟಲಿಯಿಂದ ಹಾಲು ಕುಡಿಸುತ್ತಿದ್ದ, ಮಗ, ಒಬ್ಬನೇ ಮಗ, ಕುಡಿಸುತ್ತಿದ್ದ ಕೈ ನಿಂತಿತು, ತಿರುಗಿ ನೋಡಲಿಲ್ಲ, ಆ ದಿನವೂ ತಿರುಗಿ ನೋಡಿರಲಿಲ್ಲ, ಬೆಳಗಿನ ಇಬ್ಬನಿ, ತನ್ನ ಕೊಯ್ದ ಹೊಲದಲ್ಲಿ ತಮ್ಮಣ್ಣ ಕುರಿ ಬಿಟ್ಟಿದ್ದಕ್ಕೆ ಸೋಮಲಿಂಗ ಬೈದ, ಬೈಗುಳ ಅವ್ವನವರೆಗೆ ಹೋಯಿತು, ರಜೆಗೆ ಬಂದಿದ್ದ ಸುಜಯ ನಡುವೆ ಬಂದು ಬಿಡಿಸಲು ಕೈ ಚಾಚಿದ, ಕೊಡ್ಲಿ ಏಳುವುದು ಕಂಡಿತು, ಇಳಿಯುವುದು ಕಂಡಿತು, ಬೇಲಿಯ ಈಚೆ ನಿಂತಿದ್ದ ಸಿದರಾಯನಿಗೆ ಎಲ್ಲ ಕಂಡಿತು, ಬಿದ್ದವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂಗಿದವನು ಸುಜಯ, ಅವನ ಅಂಗಿಯೆಲ್ಲ ರಕ್ತ, ಪೊಲೀಸರಿಗೆ ಅಂಗಿ ಸಾಕಾಯಿತು, ಆಗ ತಮ್ಮಣ್ಣ ಹಳ್ಳದಲ್ಲಿ ಕುಕ್ಕರುಗಾಲಲ್ಲಿ ಕುಳಿತು ಕೊಡ್ಲಿಯ ಕಾವು ತೊಳೆಯುತ್ತಿದ್ದ, ಅಲಗಲ್ಲ, ಕೈ ಹಿಡಿಯುವ ಕಾವು, ಹೆಬ್ಬೆರಳಿನಿಂದ ಮೇಲೆ ಕೆಳಗೆ.

ಏಳ್ರಿ ಅಜ್ಜಾ, ಹದಿನೇಳು ಬಂತು ಎಂದ ಕಾರಕೂನ, ಕಾಶವ್ವ ಎದ್ದು ಅವನ ಹೆಗಲ ಮೇಲಿನ ಧೂಳು ಜಾಡಿಸಿದಳು, ಸ್ವಂತ ಅಣ್ಣನಿಗೆ ಮಾಡುವಂತೆ, ಒಳಗೆ ತಂಪು, ಕಟಕಟೆ, ಮೂಲೆಯಲ್ಲಿ ಸುಜಯ ನಿಂತಿದ್ದಾನೆ, ಎಷ್ಟು ಸೊರಗಿದ್ದಾನೆ, ಯಾಕ ಕಾಕಾ ಎನ್ನುವಂತೆ ನೋಡುತ್ತಾನೆ, ಇಲ್ಲ, ಹಾಗೆ ನೋಡುತ್ತಿಲ್ಲ, ಸುಮ್ಮನೆ ನೋಡುತ್ತಾನೆ, ಅದು ಇನ್ನೂ ಕೆಟ್ಟದ್ದು, ಪರದೆಯಲ್ಲಿ ಸಿದರಾಯನ ಅಂದಿನ ದನಿ ಹಾಕಿದರು, ಹಲ್ಲಿಲ್ಲದ ಬಾಯಿ, ಫ್ಯಾನಿನ ಗರಗರ, ಕಡ್‌ಯಾಂವ, ಕಡ್‌ದಾಂವ, ಎರಡೂ ಹೌದೆನ್ನುವಂತೆ ಕೇಳುತ್ತದೆ, ಒಂದು ಗಳಿಗೆ ಅವನಿಗೇ ಅನುಮಾನ, ಸಾಹೇಬರು ಬಗ್ಗಿ ಕೇಳುತ್ತಾರೆ, ನೀವು ಅಂದದ್ದು ಏನು ಅಜ್ಜಾ, ಸಾವಕಾಶ ಹೇಳ್ರಿ — ಸುಮ್ಮ ಇದ್ದುಬಿಡ್ರಿ, ಕಿಸೆಯಲ್ಲಿ ಅರ್ಧ ರೊಟ್ಟಿ — ಕಡ್ಯಾಂವರೀ ಸಾಹೇಬ್ರ, ನಮ್ಮ ಕಡಿ ಹುಡುಗ, ಅಂವಾ ಕಡದಿಲ್ಲ, ಬಿಡಸಾಕ ಬಂದಾಂವ, ಹಿಂದೆ ಎಲ್ಲೋ ಕಾಶವ್ವ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡದ್ದು ನೋಡದೆಯೂ ತಿಳಿಯಿತು, ಪೂರ್ಣಿಮಾಳ ಪೆನ್ನು ಮೇಜಿನ ಮೇಲೆ ಬಿತ್ತು, ಮುಗಿಯಿತೇ, ಇಷ್ಟೇನೇ, ಇಳಿಯಲೇ, ಒಂದು ಕಾಲು ಮೆಟ್ಟಿಲಿಗಿಟ್ಟ, ನಿಲ್ರಿ ಎಂದರು ಸಾಹೇಬರು, ಅಂವಾ ಕಡದಿಲ್ಲ ಅಂತ ಇಷ್ಟು ಗಟ್ಟಿಯಾಗಿ ಹೇಳ್ತೀರಿ ಅಂದ್ರ ನೀವು ನೋಡೀರಿ, ಹಂಗಾದ್ರ ಕಡದಾಂವ ಯಾರು, ನೆಟ್ಟು ಹೋಗಲಿಲ್ಲ, ಇಲ್ಲಿ ನೆಟ್ಟು ಹೋಗುವುದಿಲ್ಲ, ಸಾಹೇಬರು ಇಲ್ಲೇ ಇದ್ದಾರೆ, ಆಳೆತ್ತರ ಇದ್ದಾರೆ, ಉಸಿರಾಡುತ್ತಿದ್ದಾರೆ, ಬಾಯಿ ತೆರೆಯಿತು, ತೆರೆದ ಬಾಯಿಂದ ತಾನಾಗಿಯೇ ಬಂತು ಮಾತು, ಅಂವಾನೂ ನಮ್ಮ ಕಡ್ಯಾಂವನ ರೀ — ಪರದೆಯ ಮೇಲೆ ಅಕ್ಷರ ಮೂಡಿದವು, ಈ ಸಲ ಒಂದೂ ತಪ್ಪಿಲ್ಲ, ಹೆಸರು ಹೇಳ್ರಿ ಅಜ್ಜಾ, ಹೆಸರು, ಹಳ್ಳದ ತಣ್ಣನೆ ನೀರು, ಕಾವಿನ ಮೇಲೆ ತಮ್ಮಣ್ಣನ ಹೆಬ್ಬೆರಳು, ಮೇಲೆ ಕೆಳಗೆ, ಮೇಲೆ —