ಗೋಡೆ ಬದಿಯ ಜೇಡ್ ಗಿಡ

ಹಿತ್ತಲ ಗೋಡೆಯ ಉದ್ದಕ್ಕೂ ಒಂದು ಪಟ್ಟಿ ಜಾಗ ಖಾಲಿ ಬಿದ್ದಿತ್ತು. ಇಡೀ ದಿನ ರಣಬಿಸಿಲು. ಗುಲಾಬಿ, ದಾಸವಾಳ ಎರಡೂ ಅಲ್ಲಿ ಒಣಗಿ ಕಡ್ಡಿಯಾಗಿದ್ದವು. ಗಾರೆ ಮೇಸ್ತ್ರಿಯಾಗಿದ್ದ ಭಾವನಿಗೆ ಅಲ್ಲಿ ಸಿಮೆಂಟು ಹಾಕಿ ಬೈಕು ನಿಲ್ಲಿಸುವ ಆಸೆ. ನರ್ಸಾಗಿದ್ದ ಕಿರಿಸೊಸೆಗೆ ಗಿಡ ಬೇಕು. ಆ ಮನೆಯಲ್ಲಿ ಅವಳದು ಅಂತ ಇದ್ದದ್ದು ಒಂದು ಕಪಾಟು ಮಾತ್ರ. ಈ ಪಟ್ಟಿಯನ್ನೂ ಬಿಟ್ಟುಕೊಡುವ ಮನಸ್ಸು ಅವಳಿಗಿರಲಿಲ್ಲ.

"ಬೇಸಿಗೆ ಮುಗಿಯೋದ್ರೊಳಗೆ ಏನಾದ್ರೂ ಬೇರು ಬಿಟ್ಟು ನಿಂತ್ರೆ ಜಾಗ ನಿಂದು. ಇಲ್ಲಾಂದ್ರೆ ನಂದು" ಎಂದ ಭಾವ.

"ಆಮೇಲೆ ಮಾತು ತಿರುಗಿಸಬಾರದು" ಎಂದಳು ಅವಳು.

ಆಸ್ಪತ್ರೆಯ ವರಾಂಡದ ಕುಂಡದಿಂದ ಜೇಡ್ ಗಿಡದ ಕೊಂಬೆಗಳನ್ನು ಕೇಳಿ ತಂದಳು. ದಪ್ಪ ಎಲೆ, ಗುಂಡು ಕಾಂಡ. ಕುಡಿದ ನೀರನ್ನು ಮೈಯೊಳಗೇ ಕೂಡಿಟ್ಟುಕೊಳ್ಳುವ ಜಾತಿ. ಕತ್ತರಿಸಿದ ಬಾಯಿ ಒಣಗಲೆಂದು ನೆರಳಲ್ಲಿ ಹರಡಿ ತವರಿಗೆ ಹೋದಳು. ವಾರ ಕಳೆದು ಬಂದರೆ ಅತ್ತೆ ಅವನ್ನೆಲ್ಲ ಬಕೆಟ್ ನೀರಿನಲ್ಲಿ ನಿಲ್ಲಿಸಿದ್ದರು. ಬುಡ ಕೊಳೆತು ಲೋಳೆಯಾಗಿತ್ತು.

"ಬಾಯಾರಿ ಬಿದ್ದಿದ್ವು ಕಣೇ, ಹೊಟ್ಟೆ ಚುರ್ ಅಂತು."

"ನಿಮ್ಮ ಕರುಣೆನೇ ಅವಕ್ಕೆ ವಿಷ ಅತ್ತೆ."

ಕೂತು ಅಳುವ ಜಾಯಮಾನ ಅವಳದಲ್ಲ. ಬ್ಲೇಡು ತಂದು, ಒಳಗಿನ ಹಸಿರು ಕಾಣುವವರೆಗೂ ಕೊಳೆತದ್ದನ್ನು ಕತ್ತರಿಸುತ್ತ ಹೋದಳು. ಉಳಿದ ಗೇಣುದ್ದದ ತುಂಡುಗಳನ್ನು ಅತ್ತೆಯ ಕೈಗೆಟುಕದ ಅಟ್ಟದಲ್ಲಿಟ್ಟಳು. ಬಾಯಿ ಗಟ್ಟಿಯಾದ ಮೇಲೆ ತಂದು ಗೋಡೆ ಬದಿಗೆ ನೆಟ್ಟಳು. ಬೇರು ಬಿಡುವ ಮೊದಲೇ ಮತ್ತೆ ಕೊಳೆಯಬಾರದೆಂದು ನೀರು ಮಾತ್ರ ಹಾಕಲಿಲ್ಲ.

"ಮಕ್ಕಳಾದ್ರೆ ಅವನ್ನೂ ಹೀಗೇ ಸಾಕ್ತೀಯಾ?" ಅತ್ತೆ ಕುಟುಕಿದರು.

"ಅವಾದ್ರೆ ಬಾಯಾರಿದಾಗ ಕಿರುಚ್ತವೆ. ಆಗ ಕೊಡ್ತೀನಿ."

ಬೇಸಿಗೆಯ ಕೊನೆಗೆ ಎಲೆಗಳು ಸುಕ್ಕುಗಟ್ಟಿದವು. ಭಾವ ಒಂದು ಗಾಡಿ ಮರಳು ತರಿಸಿ ಹಿತ್ತಲಲ್ಲಿ ಸುರಿಸಿದ. ಮೀಸೆಯಡಿಯೇ ನಕ್ಕು, "ನೋಡಮ್ಮ, ನಿನ್ನ ತೋಟದ ಕಥೆ ಮುಗೀತು" ಎಂದ.

"ಈಗಲೇ ಶುರುವಾಗೋದು." ಅವಳು ಪ್ರತಿ ಬುಡಕ್ಕೂ ತಂಬಿಗೆ ತುಂಬ ನೀರು ಸುರಿದಳು. "ಬೇರಿದ್ರೆ ಎರಡು ದಿನದಲ್ಲಿ ಎಲೆ ಉಬ್ಬುತ್ತೆ. ಉಬ್ಬದಿದ್ರೆ ಕಲಸಿ ನಿಮ್ಮ ಸಿಮೆಂಟು."

ಮೂರನೆಯ ದಿನ ಭಾವ ಹಲ್ಲುಜ್ಜುತ್ತಲೇ ಬಂದು ಒಂದು ಎಲೆ ಹಿಚುಕಿ ನೋಡಿದ. ಕಲ್ಲಿನ ಹಾಗೆ ಗಟ್ಟಿ. ನಂಬಿಕೆ ಬಾರದೆ ಕಾಂಡ ಹಿಡಿದು ಎಳೆದ. ಅದು ಜಗ್ಗಲಿಲ್ಲ.

"ಜಾಗ ನಿಂದೇ, ಇಟ್ಕೋ" ಎಂದು ನೊರೆ ಉಗುಳಿದ. "ಈ ಮರಳನ್ನ ನನ್ನ ತಲೆ ಮೇಲೆ ಸುರ್ಕೊಳ್ಳಲಾ?"

"ಇಲ್ಲೇ ಇರಲಿ. ಮಣ್ಣಿಗೆ ಬೆರೆಸಿದ್ರೆ ಬುಡದಲ್ಲಿ ನೀರು ನಿಲ್ಲಲ್ಲ. ಆ ಮೂಲೆವರೆಗೂ ನೆಡ್ತೀನಿ ಭಾವ. ಹಾಗೇ ನಿಮ್ಮ ಸನಿಕೆ ಸ್ವಲ್ಪ ತಂದ್ಕೊಡಿ."

ಭಾವ ಬಾಯಿ ಮುಕ್ಕಳಿಸಿ, ಗೊಣಗುತ್ತ ಸನಿಕೆ ತರಲು ಹೋದ.