ಕೊಲೆಕೋಣೆಯ ಬಾಡಿಗೆದಾರ

ಸಹೃದಯರಾದ ವಾಚಕ ಮಹಾಶಯರ ಸನ್ನಿಧಿಯಲ್ಲಿ ಅರಿಕೆ ಮಾಡಿಕೊಳ್ಳುವುದೇನೆಂದರೆ: ಈ ಕಥೆಯಲ್ಲಿ ಒಂದು ಕೊಲೆಯಿದೆ, ಆದರೆ ಸತ್ತವರು ಯಾರೂ ಇಲ್ಲ, ಒಬ್ಬ ಪತ್ತೇದಾರನಿದ್ದಾನೆ, ಆದರೆ ಅವನ ಕಸುಬು ಹೊಲಿಗೆ ಯಂತ್ರದ ರಿಪೇರಿ. ರಕ್ತ ಕಂಡರೆ ತಲೆ ಸುತ್ತುವವರೂ ನಿರ್ಭಯವಾಗಿ ಓದಬಹುದು. ಪೀಠಿಕೆ ಇಷ್ಟು ಸಾಕು. ಇನ್ನು ಮಹಡಿ ಹತ್ತೋಣ.

ಆ ಮಹಡಿಗೆ ಹದಿನಾಲ್ಕು ಮರದ ಮೆಟ್ಟಿಲುಗಳಿದ್ದವು. ಒಂಬತ್ತನೆಯದು ಕಿರುಗುಟ್ಟುತ್ತಿತ್ತು. ಬೇರೆ ಮನೆಯಲ್ಲಾಗಿದ್ದರೆ ಬಡಗಿಯನ್ನು ಕರೆದು ಎರಡು ಮೊಳೆ ಹೊಡೆಸಿದರೆ ಮುಗಿಯುತ್ತಿತ್ತು. ಇಲ್ಲಿ ಮಾತ್ರ ಆ ಸದ್ದಿಗೆ ಭಾರೀ ಹೆಸರಿತ್ತು. ಹನ್ನೆರಡು ವರ್ಷಗಳ ಹಿಂದೆ ಟೀವಿಯವರು ಇದೇ ಮೆಟ್ಟಿಲನ್ನೂ ಮೇಲಿನ ಕೋಣೆಯನ್ನೂ ಬಳಸಿಕೊಂಡು ‘ಒಂಬತ್ತನೆಯ ಮೆಟ್ಟಿಲು’ ಎಂಬ ಪತ್ತೇದಾರಿ ಧಾರಾವಾಹಿ ಮಾಡಿದ್ದರು. ಗಡಿಯಾರ ರಿಪೇರಿ ಮಾಡುವ ಮುದುಕನೊಬ್ಬ ತನ್ನ ಮಹಡಿಯ ಕೋಣೆಯಿಂದ ಕಾಣೆಯಾಗುತ್ತಾನೆ. ಮಧ್ಯಾಹ್ನ ಅವನು ಬ್ರೆಡ್ಡು ಕೊಂಡದ್ದನ್ನು ಕಂಡವರಿದ್ದಾರೆ. ಕತ್ತಲಾಗುವಷ್ಟರಲ್ಲಿ ಠಾಣೆಗೆ ಒಂದು ಫೋಟೋ ಬಂದು ಬೀಳುತ್ತದೆ. ಅದರಲ್ಲಿ ಆರು ಗಂಟೆ ತೋರಿಸುವ ಗೋಡೆ ಗಡಿಯಾರ, ನೆಲದ ಮೇಲೆ ಅಂಗಾತ ಚಾಚಿದ ಒಂದು ಕೈ, ಆ ಕೈಯ ಮೇಲೆ ಇಳಿಬಿಸಿಲಿನ ಕೆಂಪು ಪಟ್ಟಿ. ಹೆಣ ಕೊನೆಗೂ ಸಿಗುವುದಿಲ್ಲ. ಗಡಿಯಾರ ಆ ಕೋಣೆಯದು, ಆದ್ದರಿಂದ ಕೊಲೆಯೂ ಆ ಕೋಣೆಯಲ್ಲೇ ಎಂದು ಇನ್ಸ್‌ಪೆಕ್ಟರನಿಂದ ಹಿಡಿದು ವೀಕ್ಷಕರವರೆಗೆ ಸಮಸ್ತರೂ ಒಪ್ಪಿಬಿಡುತ್ತಾರೆ.

ಕಥೆ ಮುಗಿಯಿತು, ಟೀವಿಯವರು ದೀಪಗಳನ್ನು ಕಟ್ಟಿಕೊಂಡು ಹೊರಟುಹೋದರು. ಮನೆಗೆ ‘ಕೊಲೆಮನೆ’ ಎಂಬ ಹೆಸರು ಮಾತ್ರ ಅಂಟಿಕೊಂಡಿತು. ಕೆಳಗೆ ಗುಂಡಿ, ದಾರ, ಲೇಸುಗಳ ಅಂಗಡಿ ಇಟ್ಟುಕೊಂಡಿದ್ದ ಮನೆಯೊಡತಿಗೆ ಆ ಹೆಸರು ಸಾಕುಸಾಕಾಗಿತ್ತು. ಅದಕ್ಕಿಂತಲೂ ಅವಳನ್ನು ಕೊರೆಯುತ್ತಿದ್ದದ್ದು ತಂಗಿಯ ವಿಷಯ. ತಂಗಿ ನರ್ಸ್ ಆಗಿ ನಿವೃತ್ತಳಾದವಳು. ಮದುವೆಯಾಗಲಿಲ್ಲ. ಕೆಲಸ ಮುಗಿದ ಮೇಲೆ ಮೇಲಿನ ಕೋಣೆಗೆ ಬಂದಿರುವುದೆಂದು ಅಕ್ಕತಂಗಿಯರ ನಡುವೆ ಎಂದೋ ಮಾತಾಗಿತ್ತು. ಧಾರಾವಾಹಿ ಬಂದದ್ದೇ ತಡ, ಆಕೆ ಕೈಯೆತ್ತಿಬಿಟ್ಟಳು. ಊರಿನ ಇನ್ನೊಂದು ತುದಿಯ ಮಹಿಳಾ ಹಾಸ್ಟೆಲಿನಲ್ಲಿ, ಗೊರಕೆ ಹೊಡೆಯುವ ಒಬ್ಬ ಟೈಪಿಸ್ಟಿನ ಜೊತೆ ಕೋಣೆ ಹಂಚಿಕೊಂಡು ಉಳಿದಳು. ಪ್ರತಿ ಭಾನುವಾರ ಅಕ್ಕನ ಮನೆಗೆ ಬರುವಳು, ಧೈರ್ಯ ಮಾಡಿ ಎಂಟು ಮೆಟ್ಟಿಲು ಹತ್ತುವಳು, ಅಲ್ಲಿಂದ ಹಿಂದಿರುಗುವಳು.

“ಸಾವಿರ ಹೆಣ ನೋಡಿದವಳು ಕಣೇ ನೀನು!” ಎಂದು ಅಕ್ಕ ರೇಗುವಳು.

“ಅವೆಲ್ಲ ಡಾಕ್ಟರ ಚೀಟಿ ಇಟ್ಕೊಂಡು ಸತ್ತವು ಅಕ್ಕಾ. ಇದು ಹಾಗಲ್ಲ. ಸುಳ್ಳು ಅಂತ ನನಗೂ ಗೊತ್ತು. ಆದರೆ ಕಣ್ಣು ಮುಚ್ಚಿದರೆ ಆ ಕೈ ಬರುತ್ತೆ.”

ಹೀಗೆ ಖಾಲಿ ಬಿದ್ದಿದ್ದ ಕೋಣೆಗೆ ಮೂರು ವರ್ಷಗಳ ಹಿಂದೆ ನಮ್ಮ ರಿಪೇರಿಯವನು ಬಂದು ಸೇರಿದ್ದು. ಅವನು ಕಾಲಿಗೆ ಚಕ್ರ ಕಟ್ಟಿಕೊಂಡವನು. ಒಂದು ಕೈಯಲ್ಲಿ ಸಲಕರಣೆಯ ಪೆಟ್ಟಿಗೆ, ಇನ್ನೊಂದರಲ್ಲಿ ಹಗ್ಗ ಬಿಗಿದ ಪತ್ತೇದಾರಿ ಕಾದಂಬರಿಗಳ ಕಟ್ಟು. ಯಾವ ಊರಿನಲ್ಲೂ ವರ್ಷ ತುಂಬಿಸಿದವನಲ್ಲ, ಯಾವ ಗೋಡೆಗೂ ತನ್ನದೆಂದು ಒಂದು ಮೊಳೆ ಹೊಡೆದವನಲ್ಲ. ಅಂಗಡಿಯ ಹೊಲಿಗೆ ಯಂತ್ರದ ಶಟಲ್ ಸರಿಮಾಡಲು ಬಂದವನಿಗೆ ಮನೆಯೊಡತಿ ಚಹಾ ಕೊಟ್ಟು, ಮೇಲೊಂದು ಕೋಣೆ ಇದೆ, ಯಾರೂ ನಿಲ್ಲುವುದಿಲ್ಲ ಎಂದಳು.

“ಯಾಕಮ್ಮಾ?”

“ಕೊಲೆ ಆಗಿದೆ.”

“ಅಯ್ಯೋ! ಯಾವಾಗ?”

“ಭಾನುವಾರ ಭಾನುವಾರ ಸಂಜೆ ಏಳಕ್ಕೆ. ಹದಿಮೂರು ವಾರ.”

ಅವನು ಚಹಾ ಲೋಟವನ್ನು ಅಲ್ಲೇ ಇಟ್ಟು, ಎರಡೆರಡು ಮೆಟ್ಟಿಲು ಹಾರುತ್ತ ಮೇಲೆ ಓಡಿದನು. ಅದು ಅವನ ಪಾಲಿನ ಪುಣ್ಯಕ್ಷೇತ್ರ! ಊರೂರು ಅಲೆಯುತ್ತಿದ್ದ ಆ ಕಾಲದಲ್ಲಿ ಅವನು ಹದಿಮೂರು ಕಂತುಗಳನ್ನೂ ಟೀವಿ ಅಂಗಡಿಗಳ ಗಾಜಿನ ಹೊರಗೆ ನಿಂತು ನೋಡಿದ್ದನು. ಒಳಗಿನ ಮಾತೊಂದೂ ಕೇಳಿಸುತ್ತಿರಲಿಲ್ಲ; ಆದ್ದರಿಂದಲೇ ಬೆಳಕು, ನೆರಳು, ಗೋಡೆಯ ಬಿರುಕು ಎಲ್ಲವೂ ಅವನ ಕಣ್ಣಿಗೆ ಕಟ್ಟಿದ್ದವು. ಇನ್ಸ್‌ಪೆಕ್ಟರನ ಕೋಟಿಗೆ ಎರಡನೆಯ ಗುಂಡಿ ಇರಲಿಲ್ಲವೆಂದು ತನ್ನ ಅಂಗಿಯ ಎರಡನೆಯ ಗುಂಡಿಯನ್ನೂ ಕಿತ್ತು ಹಾಕಿದ್ದವನು ಅವನು. “ಹಾಕಿಕೊಡ್ಲೇನಪ್ಪಾ?” ಎಂದು ಮನೆಯೊಡತಿ ಕೇಳಿದಾಗಲೆಲ್ಲ, “ಇರಲಿ ಬಿಡಿ ಅಮ್ಮಾ, ಗಾಳಿಯಾಡುತ್ತೆ” ಎನ್ನುತ್ತಿದ್ದನು. ಅವಳು ಅವನಿಗೆ ‘ಪತ್ತೇದಾರ’ ಎಂದು ಹೆಸರಿಟ್ಟಳು.

ಬಂದ ದಿನವೇ ಸಂಜೆ ಅವನು ನೆಲದ ಮೇಲೆ ಅಂಗಾತ ಮಲಗಿ, ಕೈ ಚಾಚಿ, ಆ ಕೆಂಪು ಪಟ್ಟಿ ಬಂದು ಅಂಗೈ ಮೇಲೆ ಬೀಳುವುದನ್ನು ಕಾದನು. ಆರಾಯಿತು, ಆರೂಕಾಲಾಯಿತು, ಕೋಣೆ ಬೂದಿಯ ಬಣ್ಣಕ್ಕೆ ತಿರುಗಿತು, ಬಿಸಿಲಿನ ಸುಳಿವಿಲ್ಲ. ಮರುದಿನ ಬೆಳಿಗ್ಗೆ ಆರಕ್ಕೆ ಸರಿಯಾಗಿ ಸೂರ್ಯ ಬಂದು ಅವನ ಮೂಗಿನ ಮೇಲೆ ಕುಳಿತನು. ಕೋಣೆಗೆ ಇದ್ದದ್ದೇ ಒಂದು ಕಿಟಕಿ, ಅದೂ ಪೂರ್ವಕ್ಕೆ. ಟೀವಿಯವರು ಬೆಳಗಿನ ಬಿಸಿಲಿನಲ್ಲಿ ಚಿತ್ರ ತೆಗೆದು ಸಂಜೆಯೆಂದು ತೋರಿಸಿದ್ದರು! ಪತ್ತೇದಾರ ಹೊಟ್ಟೆ ಹಿಡಿದುಕೊಂಡು ನಕ್ಕನು. ನಕ್ಕು ಮುಗಿದ ಮೇಲೆ ಯೋಚಿಸಿದನು. ಫೋಟೋ ಸಂಜೆಯದು, ಸಂಜೆಯ ಬಿಸಿಲು ಈ ಕೋಣೆಗೆ ಬರುವಂತಿಲ್ಲ, ಅಂದಮೇಲೆ ಕಥೆಯ ಲೆಕ್ಕದಲ್ಲೇ ಕೊಲೆ ಇಲ್ಲಿ ಆಗಿಲ್ಲ. ಈ ಮಾತು ಕೆಳಗೆ ತಿಳಿದರೆ ಬರುವ ಭಾನುವಾರವೇ ನರ್ಸಮ್ಮ ಪೆಟ್ಟಿಗೆ ಸಮೇತ ಮೇಲೆ ಬರುತ್ತಾಳೆ. ಅವನು ಅಂಗಡಿಯಿಂದ ಸುತ್ತಿಗೆ ಕೇಳಿ ತಂದು, ಗೋಡೆಗೆ ಒಂದು ಮೊಳೆ ಹೊಡೆದು, ಅಂಗಿ ತಗುಲಿಹಾಕಿ, ತುಟಿ ಪಿಟಕ್ಕೆನ್ನದೆ ಮೂರು ವರ್ಷ ಕಳೆದನು.

ಆಗ ಬಂತು ಎರಡನೆಯ ಭಾಗದ ಸುದ್ದಿ. ಹೆಸರು ‘ಹತ್ತನೆಯ ಮೆಟ್ಟಿಲು’.

“ಹೀಗೆ ವರ್ಷ ಹನ್ನೆರಡಕ್ಕೆ ಒಂದು ಮೆಟ್ಟಿಲು ಹತ್ತಿದರೆ ಇವರು ಮೇಲೆ ಮುಟ್ಟೋ ಹೊತ್ತಿಗೆ ನಾವ್ಯಾರೂ ಇರಲ್ಲ” ಎಂದು ನಕ್ಕರೂ ಮನೆಯೊಡತಿಯ ಮುಖ ಅರಳಿತ್ತು. ಧಾರಾವಾಹಿ ಬಳಿದ ಮಸಿಯನ್ನು ಧಾರಾವಾಹಿಯೇ ತೊಳೆದುಹೋಗಲೆಂಬ ಆಸೆಯಿಂದ ಅವಳು ಟೀವಿಯವರ ಕಾಗದಕ್ಕೆ ರುಜು ಹಾಕಿ, ತಂಗಿಗೂ ಹೇಳಿಬಿಟ್ಟಿದ್ದಳು: “ಈ ಸಲ ಎಲ್ಲ ಸರಿಹೋಗುತ್ತೆ ನೋಡ್ತಿರು.”

ಕಥೆ ಬರೆಯುವ ಹೆಣ್ಣುಮಗಳು ಅಳತೆ ಟೇಪು ಹಿಡಿದು ಬಂದಳು. ದಪ್ಪ ಕನ್ನಡಕ, ನಿದ್ದೆಗೆಟ್ಟ ಕಣ್ಣು. ಅಂಗಡಿಯ ಸ್ಟೂಲಿನ ಮೇಲೆ ಕುಳಿತು ಉತ್ಸಾಹದಿಂದ ಹೇಳಿದಳು: “ಆಂಟಿ, ಈ ಸಲ ಎರಡು ಕೊಲೆ. ಎರಡೂ ನಿಮ್ಮ ರೂಮಲ್ಲೇ!”

ಮನೆಯೊಡತಿಯ ಕೈಯಲ್ಲಿದ್ದ ಗುಂಡಿಯ ಡಬ್ಬಿ ಜಾರಿ, ಇನ್ನೂರು ಗುಂಡಿಗಳು ನೆಲದ ಮೇಲೆ ಓಡಿದವು.

“ಎರಡಾ?”

“ನಮ್ಮವರು ಮೂರು ಕೇಳಿದ್ದರು ಆಂಟಿ. ನಾನೇ ಎರಡಕ್ಕೆ ಇಳಿಸಿದೆ.”

“ಒಂದನ್ನಾದರೂ ಇಲ್ಲೇ ಕೆಳಗೆ ಮಾಡ್ಕೊಳ್ಳಮ್ಮಾ. ಬೇಕಾದರೆ ಅಂಗಡಿ ಬಿಟ್ಟುಕೊಡ್ತೀನಿ.”

ಪತ್ತೇದಾರ ಮಂಡಿಯೂರಿ ಗುಂಡಿಗಳನ್ನು ಹೆಕ್ಕುತ್ತಿದ್ದನು. ಮೊದಲು ಅವನ ಮನಸ್ಸಿಗೆ ಹಾಲು ಹೊಯ್ದಂತಾಯಿತು. ಇನ್ನೆರಡು ಹೆಣ ಬಿದ್ದರೆ ಆ ಕೋಣೆಯನ್ನು ಅವನ ಕೈಯಿಂದ ಕಸಿಯುವವರು ಈ ಭೂಮಿಯ ಮೇಲೆ ಇರಲಾರರು! ಆಮೇಲೆ, ಮೇಜಿನ ಕೆಳಗೆ ತೆವಳಿದ್ದವನಿಗೆ ಮನೆಯೊಡತಿಯ ಪಾದಗಳು ಕಂಡವು. ಚಪ್ಪಲಿಯೊಳಗೆ ಬೆರಳುಗಳು ಮುದುಡಿಕೊಂಡಿದ್ದವು. ಮೇಲಿನಿಂದ ಅವಳ ದನಿ, ತುಂಬ ಮೆಲ್ಲಗೆ, “ತಂಗಿಗೆ ಏನು ಹೇಳಲಿ ನಾನು” ಎಂದಿತು. ಆ ಮಾತು ಯಾರಿಗೂ ಆಡಿದ್ದಲ್ಲ.

ಬರೆಯುವವಳು ಮಹಡಿಗೆ ಹೋಗಿ ಗೋಡೆ ಅಳೆಯುವಾಗ ಟೇಪಿನ ಇನ್ನೊಂದು ತುದಿ ಹಿಡಿಯುವ ನೆಪದಿಂದ ಅವನೂ ಹೋದನು.

“ಮೊದಲನೆಯದನ್ನು ನೋಡಿದ್ದೀರಾ ಸರ್?”

“ಪೂರ್ತಿ. ಗಾಜಿನ ಹೊರಗಿಂದ.”

“ಹಾಗಾದರೆ ನೀವೂ ಅದನ್ನೇ ಕೇಳ್ತೀರಿ, ‘ಇದು ಅದರ ಥರ ಇದೆಯಾ’ ಅಂತ.” ಅವಳು ಟೇಪನ್ನು ಸರ್ರನೆ ಒಳಕ್ಕೆ ಬಿಟ್ಟಳು. “ಎಲ್ಲರದೂ ಒಂದೇ ಹಾಡು. ಅದರಲ್ಲಿ ಏನಿತ್ತು ಹೇಳಿ? ಒಬ್ಬ ಮುದುಕ, ಒಂದು ಗಡಿಯಾರ, ಒಂದು ಕೈ. ನಾನು ಎರಡು ಕೊಲೆ, ಒಂದು ಹೆಲಿಕಾಪ್ಟರ್ ಕೊಟ್ಟರೂ ಸಾಲದಂತೆ.”

“ಅದರಲ್ಲಿ ಇನ್ಸ್‌ಪೆಕ್ಟರ್ ಸುಮ್ಮನೆ ಕೂತ್ಕೋತಿದ್ದ” ಎಂದನು ಪತ್ತೇದಾರ.

“ಕೂತು?”

“ಕಾಯ್ತಿದ್ದ.”

ಅವಳು ನಿಟ್ಟುಸಿರು ಬಿಟ್ಟಳು. ಹೊರಗೆ ಐದೂವರೆಯಾಗಿತ್ತು. ಅವನು ಮೊಳೆಯ ಮೇಲಿದ್ದ ತನ್ನ ಅಂಗಿಯನ್ನೊಮ್ಮೆ ನೋಡಿದನು, ತಲೆ ಕೆರೆದುಕೊಂಡನು, ಹೊಸ ಊರಿನ ಬಸ್‌ ನಿಲ್ದಾಣದಲ್ಲಿ ಪೆಟ್ಟಿಗೆಯ ಮೇಲೆ ಕುಳಿತು ಕೋಣೆಯ ಬಾಡಿಗೆಗೆ ಚೌಕಾಸಿ ಮಾಡುವ ತನ್ನನ್ನೇ ಕಲ್ಪಿಸಿಕೊಂಡನು. ಕೊನೆಗೆ ಇದ್ದ ಒಂದೇ ಕುರ್ಚಿಯನ್ನು ಅವಳ ಮುಂದೆ ಎಳೆದು ಇಟ್ಟನು.

“ಕೂತ್ಕೊಳ್ಳಿ ಮೇಡಂ. ಆರೂವರೆ ತನಕ. ಆ ಫೋಟೋದಲ್ಲಿದ್ದ ಕೆಂಪು ಬಿಸಿಲು ಇಲ್ಲಿ ಎಲ್ಲಿ ಬೀಳುತ್ತೆ ಅಂತ ನೋಡಿ ನನಗೆ ಹೇಳಿ.”

ಅವಳು ಕುಳಿತಳು. ಆರು ಗಂಟೆಗೆ ಫೋನು ನೋಡಿಕೊಂಡಳು. ಆರೂಹತ್ತಕ್ಕೆ ಕಿಟಕಿ ನೋಡಿದಳು. ಆರೂಕಾಲಕ್ಕೆ ಎದ್ದು ನಿಂತಳು; ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡಳು.

“ಬರಲ್ಲ” ಎಂದಳು. “ಬಿಸಿಲು ಬರೋದೇ ಇಲ್ಲ. ಹಾಗಾದರೆ ಅವನು ಸತ್ತದ್ದು... ಸರ್, ಇದನ್ನು ಮುಂಚೆ ಯಾರಿಗಾದರೂ ಹೇಳಿದ್ದೀರಾ?”

“ಯಾರೂ ಕೇಳಲಿಲ್ಲ” ಎಂದು ಅವನು ಅರ್ಧ ಸತ್ಯ ಹೇಳಿದನು.

ಆರು ತಿಂಗಳ ಮೇಲೆ ‘ಹತ್ತನೆಯ ಮೆಟ್ಟಿಲು’ ಬಂತು. ಅಂಗಡಿಯ ಹಿಂದಿನ ಕೋಣೆಯಲ್ಲಿ ಅಕ್ಕ, ತಂಗಿ, ಪತ್ತೇದಾರ ಮೂವರೂ ಭಾನುವಾರ ಸಂಜೆ ಏಳಕ್ಕೆ ಟೀವಿಯ ಮುಂದೆ ಕುಳಿತರು. ಮೊದಲ ಕಂತಿನ ಮೊದಲ ಜಾಹೀರಾತು ಬರುವುದರೊಳಗೆ ಹೆಲಿಕಾಪ್ಟರ್ ಹಾರಿತು, ಕಾರು ಉರುಳಿತು, ಮೇಲಿನ ಕೋಣೆಯಲ್ಲಲ್ಲ, ಬೇರೆಲ್ಲೋ ಇಬ್ಬರು ಸತ್ತು ಉರುಳಿದರು. ಇನ್ಸ್‌ಪೆಕ್ಟರ್ ಮನೆಯೊಳಗೂ ಕಪ್ಪು ಕನ್ನಡಕ ತೆಗೆಯಲಿಲ್ಲ.

“ಹಿಂದೆ ಒಂದು ಜೀವ ಹೋದರೆ ಹದಿಮೂರು ವಾರ ಮರ್ಯಾದೆ ಕೊಡ್ತಿದ್ದರು” ಎಂದು ನರ್ಸಮ್ಮ ಮೂಗು ಮುರಿದಳು. “ಈಗ ನಾಡಿ ಹಿಡಿಯೋಕೂ ಪುರುಸೊತ್ತಿಲ್ಲ, ಅಷ್ಟರಲ್ಲಿ ಇನ್ನೊಂದು ಬೀಳುತ್ತೆ.”

“ಕೋಟಿಗೆ ಜಿಪ್ಪು ಹಾಕಿದ್ದಾನೆ ನೋಡೇ!” ಎಂದು ಮನೆಯೊಡತಿ ಹೌಹಾರಿದಳು. “ಹಿಂದೆ ಆ ಎರಡನೇ ಗುಂಡಿ ಹಾಕೋಕೆ ಹದಿಮೂರು ವಾರ ನನ್ನ ಕೈ ತುರಿಸ್ತಿತ್ತು. ಜಿಪ್ಪು ಎಳ್ಕೊಂಡವನಿಗೆ ಯೋಚನೆ ಎಲ್ಲಿಂದ ಬರಬೇಕು?”

“ಹಿನ್ನೆಲೆಯಲ್ಲಿ ಆ ಡೋಲು ಬೇರೆ” ಎಂದಳು ತಂಗಿ.

“ನೀನೇನಪ್ಪಾ ಪತ್ತೇದಾರ, ಮಾತೇ ಇಲ್ಲ?”

ಅವನು ಆ ಡೋಲನ್ನೇ ಸಹಿಸಿಕೊಳ್ಳುತ್ತಿದ್ದನು. ಧ್ವನಿಯಿದ್ದರೆ ಧಾರಾವಾಹಿ ಇಷ್ಟು ಕೆಡುತ್ತದೆಂದು ಅವನಿಗೆ ಗೊತ್ತಿರಲಿಲ್ಲ.

ಐದು ವಾರ ಹೀಗೇ ಬೈಯುತ್ತ, ಒಂದು ಕಂತನ್ನೂ ಬಿಡದೆ ನೋಡಿದರು. ಆರನೆಯ ವಾರ ಡೋಲು ನಿಂತಿತು. ಇನ್ಸ್‌ಪೆಕ್ಟರ್ ಹಳೆಯ ಕೋಟು ತೊಟ್ಟು ಬಂದನು. ಎರಡನೆಯ ಗುಂಡಿ ಇರಲಿಲ್ಲ. ಒಂಬತ್ತನೆಯ ಮೆಟ್ಟಿಲು ಕಿರುಗುಟ್ಟಿತು. ಅವನು ಆ ಕೋಣೆಯಲ್ಲಿ ಒಂದೇ ಒಂದು ಕುರ್ಚಿ ಎಳೆದುಕೊಂಡು ಕುಳಿತನು, ತೊಡೆಯ ಮೇಲೆ ಆ ಫೋಟೋ ಇಟ್ಟುಕೊಂಡು. ಏಳು ನಿಮಿಷ ಯಾರೂ ಮಾತಾಡಲಿಲ್ಲ, ಟೀವಿಯ ಒಳಗೂ ಹೊರಗೂ. ಕಿಟಕಿ ಬೂದಿಯ ಬಣ್ಣಕ್ಕೆ ತಿರುಗಿತು. ಆಮೇಲೆ ಇನ್ಸ್‌ಪೆಕ್ಟರ್ ಫೋಟೋ ಮಡಚಿ ಜೇಬಿಗಿಟ್ಟು, ತುಂಬ ಆಯಾಸದಿಂದ ಹೇಳಿದನು: “ಹನ್ನೆರಡು ವರ್ಷ. ಕೊಲೆ ಇಲ್ಲಿ ಆಗಲೇ ಇಲ್ಲ.” ಕೊಲೆಗಾರರು ಗಡಿಯಾರವನ್ನು ಹೊತ್ತೊಯ್ದು, ನದಿಯಾಚೆಯ ಗೋದಾಮಿನಲ್ಲಿ, ಪಶ್ಚಿಮದ ಕಿಟಕಿಯ ಕೆಳಗೆ ಆ ಮುದುಕನ ಕಥೆ ಮುಗಿಸಿದ್ದರು.

ನರ್ಸಮ್ಮ ಎದ್ದಳು. ಯಾರನ್ನೂ ನೋಡಲಿಲ್ಲ. ಮೆಟ್ಟಿಲು ಹತ್ತತೊಡಗಿದಳು, ಕೆಳಗಿದ್ದವರಿಬ್ಬರೂ ಎಣಿಸಿದರು. ಎಂಟಕ್ಕೆ ಸದ್ದು ನಿಂತಿತು. ಮನೆಯೊಡತಿ ಸೆರಗಿನ ತುದಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡಳು. ಆಮೇಲೆ ಒಂಬತ್ತನೆಯದು ಜೋರಾಗಿ, ದೀರ್ಘವಾಗಿ ಕಿರುಗುಟ್ಟಿತು.

“ಅಕ್ಕಾ!” ಮೇಲಿನಿಂದ ದನಿ ಬಂತು. “ಗಾಳಿ ಚೆನ್ನಾಗಿದೆ ಕಣೇ! ಇಲ್ಲಿ ಮಂಚ ಹಾಕಿದರೆ... ಅಯ್ಯೋ, ಇವರ ಸಾಮಾನು ಇದೆಯಲ್ಲ.”

ಮನೆಯೊಡತಿ ಪತ್ತೇದಾರನತ್ತ ತಿರುಗಿದಳು. ನಗು, ಅಳು ಎರಡೂ ಅವಳ ಮುಖದಲ್ಲಿ ಜಾಗಕ್ಕಾಗಿ ತಳ್ಳಾಡುತ್ತಿದ್ದವು.

“ಆ ಹುಡುಗಿಗೆ ಕಿಟಕಿ ವಿಷಯ ಹೇಳಿದ್ದು ನೀನೇ ತಾನೇ?”

“ಹೂಂ.”

“ಮೂರು ವರ್ಷ ಯಾಕೋ ಬಾಯಿ ಬಿಡಲಿಲ್ಲ?”

“ಕೋಣೆ ಚೆನ್ನಾಗಿತ್ತಮ್ಮಾ.”

ಅವಳು ಅವನ ತಲೆಗೊಂದು ಮೊಟಕಿದಳು. ಮೊಟಕಿದ ಕೈಯನ್ನು ಹಿಂದೆಗೆಯದೆ ಅಲ್ಲೇ ಇಟ್ಟಿದ್ದಳು. “ಅಂಗಡಿಯ ಹಿಂದೆ ಒಂದು ಮೂಲೆ ಇದೆ. ಇರ್ತೀಯಾ?”

“ಅಲ್ಲಿ ಯಾರ ಕೊಲೆಯೂ ಆಗಿಲ್ಲವಲ್ಲಮ್ಮಾ” ಎಂದನು ಅವನು. ಇಬ್ಬರೂ ನಕ್ಕರು, ಅವನು ನಿಲ್ಲುವವನಲ್ಲವೆಂದು ಇಬ್ಬರಿಗೂ ತಿಳಿದಿತ್ತು.

ಮುಂದಿನ ಭಾನುವಾರ ಬೆಳಿಗ್ಗೆ ಆರಕ್ಕೆ ಸೂರ್ಯ ಕೊನೆಯ ಸಲ ಬಂದು ಅವನ ಮೂಗನ್ನು ಎಬ್ಬಿಸಿದನು. ಅವನು ಸ್ಕ್ರೂಡ್ರೈವರುಗಳನ್ನು ಎಣ್ಣೆ ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಗೆ ಸೇರಿಸಿದನು, ಕಾದಂಬರಿಗಳ ಕಟ್ಟಿಗೆ ಹಗ್ಗ ಬಿಗಿದನು, ಅಂಗಿ ತೊಟ್ಟನು. ಮೊಳೆಯನ್ನು ಕೀಳಲಿಲ್ಲ, ನರ್ಸಮ್ಮನಿಗೂ ಏನಾದರೂ ತಗುಲಿಹಾಕುವುದಿರುತ್ತದೆ. ಅವಳು ಆಗಲೇ ಬಾಗಿಲಲ್ಲಿ ನಿಂತಿದ್ದಳು, ಹಾಸ್ಟೆಲಿನಿಂದ ತಂದ ಎರಡು ಪೆಟ್ಟಿಗೆ, ಒಂದು ದಿಂಬಿನ ಸಮೇತ.

“ನಿಮಗೆ ತೊಂದರೆ ಕೊಟ್ಟೆ” ಎಂದಳು. ಸ್ವಲ್ಪ ತಡೆದು ದನಿ ತಗ್ಗಿಸಿದಳು. “ಒಂದು ಮಾತು ಹೇಳ್ತೀನಿ, ಅಕ್ಕನಿಗೆ ಹೇಳಬೇಡಿ. ಏನೇ ಅನ್ನಿ, ಮೊದಲನೆಯದೇ ಚೆನ್ನಾಗಿತ್ತು.”

“ಆದರೆ ಅದರಲ್ಲಿ ನಿಮಗೆ ಈ ಕೋಣೆ ಇರಲಿಲ್ಲವಲ್ಲ.”

“ಅದೂ ನಿಜವೇ” ಎಂದು ಅವಳು ದಿಂಬನ್ನು ಒಳಗೆ ಒಯ್ದಳು.

ಕೆಳಗೆ ಮನೆಯೊಡತಿ ಸೂಜಿಗೆ ದಾರ ಪೋಣಿಸಿಕೊಂಡು ಕಾಯುತ್ತಿದ್ದಳು. “ನಿಲ್ಲು. ಹೊರಡೋವಾಗಲಾದರೂ ಆ ಎರಡನೇ ಗುಂಡಿ ಹಾಕಿಕೊಡ್ತೀನಿ.”

“ಇರಲಿ ಬಿಡಿ ಅಮ್ಮಾ. ಗಾಳಿಯಾಡುತ್ತೆ.”

ಅವಳು ಅವನ ಅಂಗಿಯ ಜೇಬಿಗೆ ಒಂದು ಬಿಳಿ ಗುಂಡಿ ಹಾಕಿದಳು. ಅವನು ಬೇಡವೆನ್ನಲಿಲ್ಲ. ಪೆಟ್ಟಿಗೆಯನ್ನು ಒಂದು ಕೈಯಲ್ಲೂ ಕಟ್ಟನ್ನು ಇನ್ನೊಂದರಲ್ಲೂ ಎತ್ತಿಕೊಂಡು ಬೀದಿಗಿಳಿದನು. ತಿರುವಿನಲ್ಲಿ ಟೀವಿ ಅಂಗಡಿಯೊಂದು ಬಾಗಿಲು ತೆರೆಯುತ್ತಿತ್ತು. ಗಾಜಿನೊಳಗೆ, ಧಾರಾವಾಹಿಯ ಜಾಹೀರಾತಿನಲ್ಲಿ, ಹೆಲಿಕಾಪ್ಟರೊಂದು ಸದ್ದಿಲ್ಲದೆ ಹಾರುತ್ತಿತ್ತು. ಅವನು ಅರೆಕ್ಷಣ ನಿಂತು ನೋಡಿದನು. ಹೊರಗಿನಿಂದ ನೋಡಿದರೆ ಅದೂ ಅಷ್ಟೇನೂ ಕೆಟ್ಟದಾಗಿ ಕಾಣಲಿಲ್ಲ. ಪೆಟ್ಟಿಗೆಯನ್ನೂ ಕಟ್ಟನ್ನೂ ಕೈ ಬದಲಾಯಿಸಿಕೊಂಡು, ಬಸ್‌ ನಿಲ್ದಾಣದ ದಾರಿ ಹಿಡಿದನು.